ಮಣ್ಣಿನ ಬ್ಲಾಕಿನ ಮನೆ ಕಟ್ಟಿಯೂ ರಾತ್ರಿಯ ಧಗೆ ತಪ್ಪಿಲ್ಲ. ಒಂದೂವರೆ ಟನ್ನಿನ ಎ.ಸಿ. ಸಾಕೇ, ಎರಡು ಟನ್ನಿನದೇ ಬೇಕೇ?

ಸಿಂಧನೂರಿನಿಂದ ನೀವು ಬರೆದ ಪ್ರಶ್ನೆಯನ್ನು ಓದುತ್ತಿದ್ದಂತೆ, 2019ರ ಮೇ ತಿಂಗಳಿನಲ್ಲಿ ಇದನ್ನು ನಾನೇ ಬರೆದಿದ್ದೆನೇನೋ ಅನ್ನಿಸಿತು. ಮಣ್ಣಿನ ಬ್ಲಾಕಿನ ಗೋಡೆ, ಫಿಲ್ಲರ್ ಸ್ಲ್ಯಾಬ್ (ಕಾಂಕ್ರೀಟಿನ ನಡುವೆ ಹೆಂಚನ್ನಿಟ್ಟು ಹಾಕಿದ ಸೂರು), ಗಾಳಿಯಾಡಲೆಂದು ಹಗಲೆಲ್ಲ ತೆರೆದಿಟ್ಟ ಕಿಟಕಿ, ಆದರೂ ರಾತ್ರಿ ಮಲಗಲಾಗದಷ್ಟು ಧಗೆ: ಇವೆಲ್ಲ ನನ್ನ ಮನೆಯ ಲಕ್ಷಣಗಳೇ. ನೀವು ಕೇಳಿರುವುದು ಎ.ಸಿ.ಯ ಟನ್ನಿನ ಲೆಕ್ಕ. ಅದನ್ನು ಕಡೆಯಲ್ಲಿ ಹೇಳುತ್ತೇನೆ, ಏಕೆಂದರೆ ಈ ಹಂತದಲ್ಲಿ ಆ ಪ್ರಶ್ನೆಯನ್ನು ಕೇಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮನೆ ರಾಯಚೂರಿನ ಹೊರವಲಯದಲ್ಲಿ, 30×40 ಅಡಿಯ ನಿವೇಶನದಲ್ಲಿದೆ. 2017ರಲ್ಲಿ ಪಾಯ ತೆಗೆದು, 2018ರ ಡಿಸೆಂಬರಿನಲ್ಲಿ ಗೃಹಪ್ರವೇಶ ಮಾಡಿದೆವು. ಗುತ್ತಿಗೆ ಕೊಡಲಿಲ್ಲ, ಗೌಂಡಿಗಳನ್ನು ದಿನಗೂಲಿಗೆ ಕರೆದು, ರಜೆ ಹಾಕಿ ಪಕ್ಕದಲ್ಲಿ ನಿಂತು ಕಟ್ಟಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಢಿಗೆ ತಂದ ಒತ್ತುಬ್ಲಾಕುಗಳ ವಿಧಾನವನ್ನೇ ಅನುಸರಿಸಿದೆ. ನಿವೇಶನದ ಎರೆಮಣ್ಣು ಹಸಿಯಾದಾಗ ಹಿಗ್ಗಿ ಒಣಗಿದಾಗ ಬಿರಿಯುವುದರಿಂದ ಅದನ್ನು ಬಿಟ್ಟು, ಕೆಂಪು ಮಸಾರಿ ಮಣ್ಣನ್ನು ತರಿಸಿ, ಶೇ 8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದ ಬ್ಲಾಕುಗಳವು. ಮೇಲೆ ಮಂಗಳೂರು ಹೆಂಚಿನ ಫಿಲ್ಲರ್ ಸ್ಲ್ಯಾಬ್. ಇಷ್ಟರಲ್ಲಿ ಯಾವುದೂ ತಪ್ಪಲ್ಲ, ಮತ್ತೆ ಕಟ್ಟಿದರೂ ಹೀಗೆಯೇ ಕಟ್ಟುತ್ತೇನೆ. ತಪ್ಪಾದದ್ದು ಕಿಟಕಿಯಲ್ಲಿ.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಧಗೆಯ ಮೂಲವೂ ಅಲ್ಲೇ ಇದ್ದಂತೆ ಕಾಣುತ್ತದೆ. ಮನೆ ಕಟ್ಟುವ ಮೊದಲು ಇಂಧನ ಉಳಿಸುವ ಮನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರ ಹೊತ್ತಿಗೆ ಕಟ್ಟಿ ಮುಗಿಸಿದ ಮೊದಲ ಪ್ಯಾಸಿವ್ ಹೌಸಿನ, ಅಂದರೆ ತೀರಾ ಕಡಿಮೆ ಇಂಧನದಲ್ಲಿ ಒಳಗಿನ ಹದ ಕಾಯ್ದುಕೊಳ್ಳುವ ಮನೆಯ, ವಿವರಗಳು ನನ್ನನ್ನು ಬಹಳ ಸೆಳೆದವು. ಆ ಮನೆಯಲ್ಲಿ ಗಾಳಿ ಸೋರುವ ಸಂದುಗಳೇ ಇಲ್ಲ, ಆದ್ದರಿಂದ ಚಳಿಗಾಲದಲ್ಲಿ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಸಂದಿಲ್ಲದ ಮನೆಯೇ ಒಳ್ಳೆಯ ಮನೆ ಎಂಬ ಪಾಠವನ್ನು ಅದರಿಂದ ಕಲಿತು, ಅದನ್ನೇ ರಾಯಚೂರಿಗೆ ತಂದೆ. ಹತ್ತು ಕಿಟಕಿಗಳಿಗೂ ಎರಡು ಟ್ರ್ಯಾಕಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಚೌಕಟ್ಟು ಹಾಕಿಸಿದೆ. ಮೂರನೆಯ ಟ್ರ್ಯಾಕಿನಲ್ಲಿ ಸೊಳ್ಳೆ ಜಾಲರಿಯನ್ನು ಕೂರಿಸಲು ತಗಲುತ್ತಿದ್ದ ಹದಿನೆಂಟು ಸಾವಿರ ರೂಪಾಯಿಯನ್ನು ಉಳಿಸಿದೆ. ಲಿಂಟಲ್ ಮೇಲಿನ ವೆಂಟಿಲೇಟರುಗಳಿಗೆ ತೆರೆಯಲಾಗದ ಗಾಜನ್ನು ಬಿಗಿಸಿದೆ. ಮೆಟ್ಟಿಲಿನ ಹೆಡ್‌ರೂಮಿಗೆ (ಮೆಟ್ಟಿಲು ಮಾಳಿಗೆಯನ್ನು ತಲುಪುವಲ್ಲಿನ ಪುಟ್ಟ ಕೋಣೆಗೆ) ಕಬ್ಬಿಣದ ಗಟ್ಟಿ ಬಾಗಿಲನ್ನು ಹಾಕಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಎರೆಹೊಲದ ಧೂಳು ಫೆಬ್ರುವರಿಯಿಂದಲೇ ಏಳುವ ಊರಿನಲ್ಲಿ ಇದು ಜಾಣತನವೆಂದು ಮನೆಯವರೆಲ್ಲ ಒಪ್ಪಿದರು.

ಡಾರ್ಮ್‌ಸ್ಟಾಟ್‌ನ ಆ ಮನೆಯಲ್ಲಿ ಸಂದುಗಳನ್ನು ಮುಚ್ಚಿದವರು, ಹಳೆಯ ಗಾಳಿಯನ್ನು ಹೊರಹಾಕಿ ಹೊಸ ಗಾಳಿಯನ್ನು ಒಳತರುವ ಯಂತ್ರವನ್ನೂ ಕೂರಿಸಿದ್ದರು. ನಾನು ಮುಚ್ಚುವ ಅರ್ಧವನ್ನು ಮಾತ್ರ ತೆಗೆದುಕೊಂಡೆ. ಅದಕ್ಕಿಂತ ದೊಡ್ಡ ಪ್ರಮಾದವೆಂದರೆ, ಅವರ ಕಷ್ಟ ಬಿಸಿಯನ್ನು ಉಳಿಸಿಕೊಳ್ಳುವುದು, ನಮ್ಮ ಕಷ್ಟ ಬಿಸಿಯನ್ನು ಕಳೆದುಕೊಳ್ಳುವುದು ಎಂಬುದನ್ನು ಯೋಚಿಸದೇ ಹೋದದ್ದು. ದಪ್ಪ ಗೋಡೆ ಮತ್ತು ಸ್ಲ್ಯಾಬು ಹಗಲಿನ ಬಿಸಿಯನ್ನು ಕುಡಿದು ಇಟ್ಟುಕೊಳ್ಳುತ್ತವೆ. ಹಾಗೆ ಕುಡಿಯುವುದರಿಂದಲೇ ಮಧ್ಯಾಹ್ನ ಒಳಗೆ ತಂಪೆನಿಸುತ್ತದೆ. ಆದರೆ ಕುಡಿದದ್ದನ್ನು ರಾತ್ರಿ ಕಕ್ಕಲೇಬೇಕು. ಆಗ ಒಳಗೆ ತಂಪುಗಾಳಿ ಹರಿಯುತ್ತಿದ್ದರೆ ಆ ಬಿಸಿ ಹೊರಗೆ ಹೋಗಿ, ಬೆಳಗಾಗುವಷ್ಟರಲ್ಲಿ ಗೋಡೆಗಳು ಮರುದಿನದ ಬಿಸಿಯನ್ನು ಕುಡಿಯಲು ಸಿದ್ಧವಾಗುತ್ತವೆ. ಕಿಟಕಿಗಳು ಮುಚ್ಚಿದ್ದರೆ ಅದು ಮಲಗಿದವರ ಮೈಮೇಲೆಯೇ ಸುರಿಯುತ್ತದೆ. ಗೋಡೆಗಳು ನಿನ್ನೆಯ ಬಿಸಿಯನ್ನು ಹೊತ್ತುಕೊಂಡೇ ಇವತ್ತಿನದಕ್ಕೆ ತಯಾರಾಗುತ್ತವೆ, ಹಾಗಾಗಿ ಏಪ್ರಿಲ್ ಮೊದಲ ವಾರ ತಡೆಯುವಂತಿದ್ದ ಮನೆ ಮೇ ಮೊದಲ ವಾರಕ್ಕೆ ಒಲೆಯಾಗುತ್ತದೆ. ನಾವು ಮಾಡುತ್ತಿದ್ದದ್ದು ಸರಿಯಾಗಿ ತಿರುಗುಮುರುಗು: 41 ಡಿಗ್ರಿಯ ಗಾಳಿ ಬೀಸುವ ಹಗಲಿನಲ್ಲಿ ಕಿಟಕಿ ತೆರೆದು ಗೋಡೆಗಳನ್ನು ಒಳಗಿನಿಂದಲೂ ಕಾಯಿಸುತ್ತಿದ್ದೆವು, ಜಾಲರಿ ಇಲ್ಲದ್ದರಿಂದ ಸೊಳ್ಳೆಗೆ ಹೆದರಿ ಸಂಜೆ ಆರಕ್ಕೆಲ್ಲ ಮುಚ್ಚುತ್ತಿದ್ದೆವು.

ಇದು ತಿಳಿದದ್ದು ತರ್ಕದಿಂದಲ್ಲ, ಇನ್ನೂರೈವತ್ತು ರೂಪಾಯಿಯ ಎರಡು ಉಷ್ಣಮಾಪಕಗಳಿಂದ. ಒಂದನ್ನು ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ಬೇವಿನ ಗಿಡದ ನೆರಳಿನಲ್ಲಿ ತೂಗುಹಾಕಿ, 2020ರ ಮೇ ತಿಂಗಳಲ್ಲಿ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂದು ದಿನದ ಅಂಕಿಗಳು ಇನ್ನೂ ಬಾಯಿಪಾಠವಾಗಿವೆ: ರಾತ್ರಿ ಹತ್ತಕ್ಕೆ ಒಳಗೆ 36, ಹೊರಗೆ 32; ಬೆಳಗಿನ ಐದಕ್ಕೆ ಒಳಗೆ 34, ಹೊರಗೆ 27. ಗಾಜಿನ ಆಚೆಗೆ ಏಳು ಡಿಗ್ರಿ ತಂಪಾದ ಗಾಳಿ ಪುಕ್ಕಟೆಯಾಗಿ ನಿಂತಿರುವಾಗ ಈಚೆಗೆ ನನ್ನ ತಂದೆ ತಾಯಿ ಒದ್ದೆ ಟವೆಲ್ ಹೊದ್ದು ಮಲಗುತ್ತಿದ್ದರು. ಆ ಪುಟವನ್ನು ನೋಡಿದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಅಷ್ಟರಲ್ಲಿ ನಾನು ಎ.ಸಿ. ಕೊಂಡಾಗಿತ್ತು. 2019ರ ಬೇಸಿಗೆಯಲ್ಲಿಯೇ, ಸ್ಟೆಬಿಲೈಸರ್ ಸೇರಿ ನಲವತ್ತಾರು ಸಾವಿರ ಕೊಟ್ಟು, ಒಂದೂವರೆ ಟನ್ನಿನದನ್ನು ತಂದಿದ್ದೆ. ಅದು ರಾತ್ರಿಯಿಡೀ ಓಡುತ್ತಿತ್ತು, ಕಂಪ್ರೆಸರ್ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಕಾರಣ ಸರಳ: ರಾತ್ರಿ ಹತ್ತು ಗಂಟೆಗೆ ನಮ್ಮ ಸೂರಿನ ಒಳಮೈ 40 ಡಿಗ್ರಿಯಷ್ಟಿತ್ತು. 12×12 ಅಡಿಯ ಕೋಣೆಯನ್ನು 27ಕ್ಕೆ ತರಲು ಹೊರಟರೆ, ಆ ಸೂರೊಂದೇ ಒಂದು ಕಿಲೋವಾಟಿನಷ್ಟು ಶಾಖವನ್ನು ಕೆಳಗೆ ಸುರಿಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್ ಶಾಖವನ್ನು ಹೊರಹಾಕುವ ಶಕ್ತಿ. ಗೋಡೆಗಳ ಬಿಸಿಯನ್ನೂ ಸೇರಿಸಿದರೆ, ಎ.ಸಿ.ಯ ದುಡಿಮೆಯ ಬಹುಪಾಲು ಕಟ್ಟಡವನ್ನು ತಣಿಸುವುದಕ್ಕೇ ಹೋಗುತ್ತಿತ್ತು. ಎರಡು ಟನ್ನಿನದನ್ನು ತಂದರೆ ನಿಮ್ಮ ಮನೆಯಲ್ಲೂ ಇದೇ ಆಗುತ್ತದೆ. ಜೊತೆಗೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ; ಹೀಗೆ ಓಡುವ ಒಂದು ಎ.ಸಿ. ಆ ಗಡಿಯನ್ನು ಎರಡು ಮೂರು ವಾರದಲ್ಲೇ ದಾಟಿಸಿಬಿಡುತ್ತದೆ.

2020ರ ಮಳೆಗಾಲ ಮುಗಿದ ಮೇಲೆ ಮನೆಯನ್ನು ತಿದ್ದಿದೆ. ಬಿಗಿದಿದ್ದ ಗಾಜುಗಳನ್ನು ತೆಗೆಸಿ ವೆಂಟಿಲೇಟರುಗಳಿಗೆ ಜಾಲರಿ ಮತ್ತು ಹಗ್ಗದಿಂದ ತೆರೆಯುವ ಫಲಕ ಹಾಕಿಸಿದೆ. ಸ್ಲೈಡಿಂಗ್ ಕಿಟಕಿಯನ್ನು ಎಷ್ಟು ಸರಿಸಿದರೂ ಅರ್ಧ ಭಾಗ ಮಾತ್ರ ತೆರೆಯುವುದರಿಂದ, ಮಲಗುವ ಕೋಣೆಗಳ ನಾಲ್ಕು ಕಿಟಕಿಗಳನ್ನು ಕಿತ್ತು ಪೂರ್ತಿ ತೆರೆಯುವ ಬಾಗಿಲಿನವನ್ನು ಕೂರಿಸಿದೆ; ಗ್ರಿಲ್ಲಿಗೆ ಸ್ಟೀಲ್ ಜಾಲರಿ. ಹೆಡ್‌ರೂಮಿನ ಗೋಡೆಯನ್ನು ಎರಡು ಕಡೆ ಒಡೆಸಿ, ಒಂದರಲ್ಲಿ ಜಾಲರಿಯ ಕಿಂಡಿಯನ್ನೂ ಇನ್ನೊಂದರಲ್ಲಿ ಎಕ್ಸಾಸ್ಟ್ ಫ್ಯಾನನ್ನೂ ಇಟ್ಟೆ. ಬಿಸಿಗಾಳಿ ಮೇಲೇರುವುದರಿಂದ ಮೆಟ್ಟಿಲಿನ ಆ ಜಾಗ ಮನೆಯ ಹೊಗೆಗೂಡಿನಂತೆ ಕೆಲಸ ಮಾಡುತ್ತದೆ: ಕೆಳಗಿನ ಕಿಟಕಿಗಳಿಂದ ತಂಪುಗಾಳಿ ಒಳಬಂದು, ಗೋಡೆಗಳನ್ನು ಸವರಿಕೊಂಡು, ಮೇಲಿನಿಂದ ಹೊರಹೋಗುತ್ತದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಬೆಳಕಿಂಡಿ ಮಾಡುತ್ತಿದ್ದ ಕೆಲಸವೂ ಇದೇ. ಗಾಳಿ ಬಿದ್ದ ರಾತ್ರಿಗಳಲ್ಲಿ ಫ್ಯಾನು ಬೇಕೇ ಬೇಕು. ಅದನ್ನು ಕೊಳ್ಳುವಾಗ ಅಂದಾಜಿಗೆ ಬಿಡಬೇಡಿ: ಸಾವಿರ ಚದರಡಿಯ, ಹತ್ತಡಿ ಎತ್ತರದ ಮನೆಯಲ್ಲಿ ಹತ್ತು ಸಾವಿರ ಘನ ಅಡಿ ಗಾಳಿಯಿರುತ್ತದೆ; ಅದು ಗಂಟೆಗೆ ಹತ್ತು ಬಾರಿ ಬದಲಾಗಬೇಕಾದರೆ ನಿಮಿಷಕ್ಕೆ ಸುಮಾರು 1,670 ಘನ ಅಡಿ ಎಳೆಯುವ ಫ್ಯಾನು ಬೇಕು. ಬಚ್ಚಲಿನ ಆರಿಂಚಿನ ಫ್ಯಾನಿನಿಂದ ಇದು ಆಗುವುದಿಲ್ಲ.

ಈ ತಿದ್ದುಪಡಿಗೆ ಎಪ್ಪತ್ತೆರಡು ಸಾವಿರ ಖರ್ಚಾಯಿತು. ಕಟ್ಟುವಾಗ ಹದಿನೆಂಟು ಸಾವಿರಕ್ಕೆ ಕೈ ಬಿಗಿಹಿಡಿದದ್ದರ ಬೆಲೆ ಅದು, ಎ.ಸಿ.ಯ ಹಣ ಬೇರೆ. ಮರುವರ್ಷ ಮೇ ತಿಂಗಳಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಎಲ್ಲವನ್ನೂ ಮುಚ್ಚಿ ಪರದೆ ಎಳೆದು, ಹೊರಗಿನ ಉಷ್ಣಮಾಪಕ ಒಳಗಿನದಕ್ಕಿಂತ ಕೆಳಗಿಳಿದ ಮೇಲೆಯೇ ತೆರೆಯುವ ಶಿಸ್ತನ್ನು ಪಾಲಿಸಿದಾಗ, ಬೆಳಗಿನ ಐದರ ಒಳಗಿನ ಅಂಕಿ 29.5ಕ್ಕೆ ಇಳಿದಿತ್ತು. ಮಂಗಳೂರು, ಉಡುಪಿಯ ಕಡೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೀಗೆ ಮಾಡಬೇಡಿ. ಅಲ್ಲಿ ಹಗಲು ರಾತ್ರಿಗಳ ಅಂತರ ಕಡಿಮೆ, ತೇವ ಹೆಚ್ಚು, ದಿನವಿಡೀ ಗಾಳಿಯಾಡುವ ಮನೆಯೇ ಅಲ್ಲಿಗೆ ಸರಿ.

ಇನ್ನು ಸೂರು. ಫಿಲ್ಲರ್ ಸ್ಲ್ಯಾಬ್ ಹಾಕಿದ್ದೇವೆ, ಮೇಲಿನಿಂದ ಬಿಸಿ ಬರುವುದಿಲ್ಲ ಎಂದು ನೀವು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸ್ಲ್ಯಾಬಿನ ಕೆಳಭಾಗದ, ಭಾರ ಹೊರದ ಕಾಂಕ್ರೀಟಿನ ಜಾಗದಲ್ಲಿ ಹೆಂಚನ್ನಿಟ್ಟು ಸಿಮೆಂಟ್ ಉಳಿಸುವುದು ಆ ವಿಧಾನದ ಮುಖ್ಯ ಪ್ರಯೋಜನ. ಹೆಂಚುಗಳ ನಡುವಿನ ಗಾಳಿಯಿಂದ ಬಿಸಿ ಸ್ವಲ್ಪ ತಗ್ಗಬಹುದು, ಆದರೆ ಮೇಲ್ಮೈ ಬಿಸಿಲಿಗೆ ಬಿದ್ದಿರುವವರೆಗೆ ಅದು ಸಾಲದು. ಮಧ್ಯಾಹ್ನ ಎರಡಕ್ಕೆ ಬರಿಯ ಸ್ಲ್ಯಾಬಿನ ಮೇಲೆ ನಾನು 61 ಡಿಗ್ರಿ ಅಳೆದಿದ್ದೇನೆ. ಅದರ ಪಕ್ಕದಲ್ಲೇ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿದ ಜಾಗದಲ್ಲಿ 45. ಇಡೀ ಮಾಳಿಗೆಗೆ ಸುಣ್ಣ ಬಳಿಯಲು ಎರಡು ಸಾವಿರ ರೂಪಾಯಿಯೂ ಆಗುವುದಿಲ್ಲ, ಮಳೆಗೆ ಅದು ತೊಳೆದುಹೋಗುವುದರಿಂದ ಪ್ರತಿವರ್ಷ ಮಾರ್ಚಿನಲ್ಲಿ ಮತ್ತೆ ಬಳಿಯಬೇಕು ಎಂಬುದೊಂದೇ ತೊಡಕು. ಸೋಲಾರ್ ಬಗ್ಗೆಯೂ ಕೇಳಿದ್ದೀರಿ: 2024ರ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ಹಾಕಿಸುವುದಾದರೆ ಫಲಕಗಳನ್ನು ಮಲಗುವ ಕೋಣೆಯ ನೇರ ಮೇಲೆ, ಕೆಳಗೆ ಗಾಳಿಯಾಡುವಷ್ಟು ಎತ್ತರದಲ್ಲಿ ನಿಲ್ಲಿಸಿ. ವಿದ್ಯುತ್ತಿನ ಜೊತೆಗೆ ನೆರಳೂ ಸಿಗುತ್ತದೆ.

ಉಪಕರಣಗಳಲ್ಲಿ ಮೊದಲು ಬದಲಿಸಬೇಕಾದದ್ದು ಫ್ಯಾನುಗಳನ್ನು. ಹಳೆಯ ಫ್ಯಾನು 75 ವಾಟ್ ತಿನ್ನುವಲ್ಲಿ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನ) ಫ್ಯಾನು 30ರ ಆಸುಪಾಸಿನಲ್ಲಿ ತಿರುಗುತ್ತದೆ. ಐದು ಫ್ಯಾನುಗಳು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಅರವತ್ತು ಯೂನಿಟ್ಟಿಗೂ ಹೆಚ್ಚು ಉಳಿಯುತ್ತದೆ. ಆದರೆ ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸುತ್ತದೆ ಅಷ್ಟೆ. ಸೂರು ಕಾದಿದ್ದರೆ ಅದರ ಕೆಳಗಿನ ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ.

ಕೂಲರನ್ನು ನೀವು ತಳ್ಳಿಹಾಕಿದ್ದೀರಿ, ‘ಮೈ ಜಿಗುಟಾಗುತ್ತದೆ’ ಎಂಬ ಕಾರಣ ಕೊಟ್ಟಿದ್ದೀರಿ. ಅದನ್ನು ಮುಚ್ಚಿದ ಕೋಣೆಯೊಳಗೆ ಇಟ್ಟು ಓಡಿಸಿರಬೇಕು. ಕೂಲರ್ ಕಿಟಕಿಯ ಹೊರಗಿರಬೇಕು, ಒಳಬಂದಷ್ಟು ಗಾಳಿ ಎದುರಿನ ವೆಂಟಿಲೇಟರಿನಿಂದ ಹೊರಹೋಗಬೇಕು. ಎಷ್ಟು ತಂಪಾಗಬಹುದೆಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು: ಉಷ್ಣಮಾಪಕದ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಗಾಳಿಗೆ ಹಿಡಿಯಿರಿ. ನಮ್ಮ ಮೇ ತಿಂಗಳಿನಲ್ಲಿ, 41 ಡಿಗ್ರಿ ಬಿಸಿಲು ಮತ್ತು ಶೇ 20ರ ತೇವ ಇರುವಾಗ, ಅದು 23ರ ಸಮೀಪಕ್ಕೆ ಇಳಿಯುತ್ತದೆ. ಒಳ್ಳೆಯ ಕೂಲರ್ ಆ ಅಂತರದ ಮುಕ್ಕಾಲು ಪಾಲನ್ನು ಕ್ರಮಿಸುತ್ತದೆ, ಅಂದರೆ 28ರ ಗಾಳಿಯನ್ನು 200 ವಾಟಿನೊಳಗೆ ಕೊಡುತ್ತದೆ. ಜೂನಿನಲ್ಲಿ ಮೋಡ ಕಟ್ಟಿದ ಮೇಲೆ ಅದನ್ನು ಒರೆಸಿ ಎತ್ತಿಡಬೇಕು; ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವಿರುವ ನಿಮ್ಮ ಸಿಂಧನೂರಿನಲ್ಲಿ ಪ್ರಯೋಜನ ನಮಗಿಂತ ಸ್ವಲ್ಪ ಕಡಿಮೆಯಾಗಬಹುದು, ಒದ್ದೆ ಬಟ್ಟೆಯ ಪರೀಕ್ಷೆ ಅದನ್ನೂ ಹೇಳುತ್ತದೆ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳಲೇಬೇಕು. ನೀವು ಕೊಟ್ಟ ಉಪಕರಣಗಳ ಪಟ್ಟಿಯಲ್ಲಿ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದೆ. ಅದನ್ನು ಈ ವಾರವೇ ಹೊರಗೋಡೆಗೆ ಸಾಗಿಸಿ. ಮುಚ್ಚಿದ ಬಚ್ಚಲಿನಲ್ಲಿ ಅದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಸ್ನಾನ ಮಾಡುತ್ತಿದ್ದವರು ಅಲ್ಲೇ ಪ್ರಾಣ ಬಿಟ್ಟ ಸುದ್ದಿಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬಂದಿವೆ. ದೊಡ್ಡ ಎಕ್ಸಾಸ್ಟ್ ಫ್ಯಾನು ಹಾಕಿಸಿದ ಮನೆಯಲ್ಲಿ ಕಿಟಕಿ ತೆರೆಯದೆ ಫ್ಯಾನು ಹಾಕಿದರೆ ಆ ಹೊಗೆ ಮನೆಯೊಳಕ್ಕೇ ಎಳೆದುಕೊಂಡು ಬರುವ ಅಪಾಯವೂ ಇದೆ.

ಎ.ಸಿ.ಯ ವಿಷಯ. ಮೊದಲು ಸುಣ್ಣ, ಜಾಲರಿ, ಹೆಡ್‌ರೂಮಿನ ಕಿಂಡಿ, ಇಷ್ಟು ಮಾಡಿ ಒಂದು ಬೇಸಿಗೆ ಕಳೆಯಿರಿ. ಅದಾದ ಮೇಲೂ ವಯಸ್ಸಾದವರಿಗೆ ಅಥವಾ ಕೂಸಿಗೆ ಬೇಕೆನಿಸಿದರೆ, ಒಂದೇ ಕೋಣೆಗೆ, ಒಂದು ಟನ್ನಿನ ಐದು ಸ್ಟಾರಿನ ಇನ್ವರ್ಟರ್ ಎ.ಸಿ. ಸಾಕು. ನನ್ನ ತಾಯಿಯ ಕೋಣೆಯಲ್ಲಿ ಈಗ ಇರುವುದು ಅದೇ. ಹಳೆಯ ಒಂದೂವರೆ ಟನ್ನಿನದನ್ನು ಮಾರಿದೆ. ಕಳೆದ ಬೇಸಿಗೆಯಲ್ಲಿ ಈ ಒಂದು ಟನ್ನಿನದನ್ನು ಹಾಕಿದ್ದು ಹತ್ತೊಂಬತ್ತು ರಾತ್ರಿ, 26 ಡಿಗ್ರಿಗೆ ಇಟ್ಟು, ಮೇಲೆ ಫ್ಯಾನು ತಿರುಗಿಸಿ. ಗೌಂಡಿಯನ್ನು ಕರೆಸುವ ಮೊದಲು ಎರಡು ಉಷ್ಣಮಾಪಕಗಳನ್ನು ತಂದು ಏಳು ದಿನ ರಾತ್ರಿ ಹತ್ತಕ್ಕೂ ಬೆಳಗಿನ ಐದಕ್ಕೂ ಒಳಗಿನ ಮತ್ತು ಹೊರಗಿನ ಅಂಕಿಗಳನ್ನು ಬರೆದು ಇಲ್ಲಿಯೇ ಹಾಕಿ. ಬೆಳಗಿನ ಅಂತರ ಎರಡು ಡಿಗ್ರಿಗಿಂತ ಕಡಿಮೆಯಿದ್ದರೆ ಗೋಡೆ ಒಡೆಸುವುದು ಬೇಡ, ಸೂರಿನ ಕೆಲಸವನ್ನಷ್ಟೇ ಮಾಡಿಸಿ. ನಾಲ್ಕೈದು ಡಿಗ್ರಿ ಇದ್ದರೆ ಕಿಂಡಿಗಳನ್ನು ಎಲ್ಲಿ, ಎಷ್ಟು ಅಗಲಕ್ಕೆ ತೆಗೆಸಬೇಕೆಂದು ನಿಮ್ಮ ಮನೆಯ ನಕ್ಷೆಯನ್ನು ನೋಡಿ ಹೇಳುತ್ತೇನೆ.