ವಂತಿಗೆ ಪಟ್ಟಿ ವಾಟ್ಸ್ಯಾಪ್‌ನಲ್ಲಿ ಗೊಂದಲವಾಗುವುದೇಕೆ, ಗೂಗಲ್ ಶೀಟ್ಸ್‌ನಲ್ಲಿ ಸರಿಹೋಗುವುದೇಕೆ?

ವಾಟ್ಸ್ಯಾಪ್‌ನಲ್ಲಿ ಎಕ್ಸೆಲ್ ಕಡತವನ್ನು ಕಳುಹಿಸಿದಾಗಲೆಲ್ಲ ಅದರ ಹೊಸ ನಕಲೊಂದು ಹುಟ್ಟುತ್ತದೆ. ಗೂಗಲ್‌ನ ಆನ್‌ಲೈನ್ ಲೆಕ್ಕಪಟ್ಟಿಯಾದ ಗೂಗಲ್ ಶೀಟ್ಸ್‌ನಲ್ಲಾದರೆ ಎಲ್ಲರೂ ತೆರೆಯುವುದು ಒಂದೇ ಕಡತವನ್ನು. ಉದಾಹರಣೆಗೆ, ಮುಂಬೈ ಸುತ್ತಮುತ್ತಲಿನ ಕನ್ನಡ ಸಂಘವೊಂದರಲ್ಲಿ ಡೊಂಬಿವಲಿಯ ಸದಸ್ಯರೊಬ್ಬರು ರಾಜ್ಯೋತ್ಸವದ ವಂತಿಗೆಯನ್ನು ತಮ್ಮ ನಕಲಿನಲ್ಲಿ ಬರೆದು, ಠಾಣೆ ನಗರದ ಸದಸ್ಯರು ಹಿಂದಿನ ದಿನದ ನಕಲಿನಲ್ಲೇ ಮುಂದುವರಿಸಿದರೆ, ಎರಡೂ ಅರ್ಧ ಸರಿ, ಅರ್ಧ ತಪ್ಪು.

ಶೀಟ್ಸ್‌ನಲ್ಲಿ ಇಡೀ ಕಡತ ಓಡಾಡುವುದಿಲ್ಲ. ನೀವು ಒಂದು ಚೌಕದಲ್ಲಿ 500 ಎಂದು ಬರೆದರೆ ಆ ಬದಲಾವಣೆಯಷ್ಟೇ ಗೂಗಲ್‌ನ ಸರ್ವರ್‌ಗೆ ಹೋಗಿ, ಅಲ್ಲಿಂದ ಉಳಿದವರ ಪರದೆಗೆ ತಲುಪುತ್ತದೆ. ಆದ್ದರಿಂದ ಬೇರೆ ಬೇರೆ ಚೌಕಗಳಲ್ಲಿ ಹಲವರು ಏಕಕಾಲಕ್ಕೆ ಬರೆದರೂ ತೊಂದರೆಯಿಲ್ಲ. ಒಂದೇ ಚೌಕವನ್ನು ಇಬ್ಬರು ತಿದ್ದಿದರೆ ಮಾತ್ರ ಕೊನೆಗೆ ತಲುಪಿದ್ದು ಉಳಿಯುತ್ತದೆ. ಆಗಲೂ ಗಾಬರಿ ಬೇಡ: ಕಂಪ್ಯೂಟರ್‌ನಲ್ಲಿ ಆ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೋ ಎಡಿಟ್ ಹಿಸ್ಟರಿ’ ಆರಿಸಿದರೆ ಹಿಂದೆ ಏನಿತ್ತು, ಯಾರು ಯಾವಾಗ ಬದಲಿಸಿದರು ಎಂಬುದು ಕಾಣುತ್ತದೆ. ಹಣದ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ.

ಆದರೆ ತಿದ್ದಿದವರ ಹೆಸರು ಕಾಣಬೇಕಾದರೆ ಲಿಂಕ್ ಇದ್ದವರೆಲ್ಲ ತಿದ್ದಬಹುದೆಂದು ಬಿಡದೆ, ಪಟ್ಟಿ ನೋಡಿಕೊಳ್ಳುವವರ ಇಮೇಲ್ ವಿಳಾಸಗಳಿಗೆ ಮಾತ್ರ ತಿದ್ದುವ ಅನುಮತಿ ಕೊಡಿ. ಲಾಗಿನ್ ಆಗದೆ ಬಂದವರು ಅನಾಮಿಕರಾಗಿಯೇ ಉಳಿಯುತ್ತಾರೆ. ಬಾಕಿ ಇರುವವರನ್ನಷ್ಟೇ ನೋಡಲು ಸಾಮಾನ್ಯ ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಉಳಿದ ಸಾಲುಗಳು ಮರೆಯಾಗುವುದರಿಂದ, ಅದರ ಬದಲು ಉಳಿದವರ ನೋಟವನ್ನು ಬದಲಿಸದ ‘ಫಿಲ್ಟರ್ ವ್ಯೂ’ ಬಳಸಿ.