ಟ್ವಿಟರ್‌ಗೆ ಬದಲಾಗಿ, ಒಂದೇ ಕಂಪನಿಯ ಹಿಡಿತದಲ್ಲಿಲ್ಲದ ಜಾಲತಾಣಗಳಿವೆಯೇ? ಅವು ಹೇಗೆ ಕೆಲಸ ಮಾಡುತ್ತವೆ?

ಇವೆ. ನಾನು ಮೊದಲು ಹೆಸರಿಸುವುದು ಜರ್ಮನಿಯ ಯೂಜೆನ್ ರೊಚ್ಕೊ 2016ರಲ್ಲಿ ಆರಂಭಿಸಿದ ಮಾಸ್ಟೊಡಾನ್ ಅನ್ನು. ಇದು ಒಂದೇ ತಾಣವಲ್ಲ, ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಇಮೇಲ್‌ನಲ್ಲಿರುವಂತೆ ಇಲ್ಲಿಯೂ ವಿಳಾಸದಲ್ಲಿ ಬಳಕೆದಾರರ ಹೆಸರಿನ ಜೊತೆಗೆ ಸರ್ವರ್‌ನ ಹೆಸರೂ ಇರುತ್ತದೆ. ಬೇರೆ ಬೇರೆ ಸರ್ವರ್‌ಗಳಲ್ಲಿರುವವರು ಒಬ್ಬರನ್ನೊಬ್ಬರು ಹಿಂಬಾಲಿಸಲು, ಉತ್ತರಿಸಲು ಸಾಧ್ಯವಾಗುವುದು ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಮಾನ್ಯ ಮಾಡಿದ ಆ್ಯಕ್ಟಿವಿಟಿಪಬ್ ಎಂಬ ಪ್ರೋಟೋಕಾಲ್‌ನಿಂದ, ಅಂದರೆ ಸರ್ವರ್‌ಗಳು ಪರಸ್ಪರ ಮಾತನಾಡಲು ಪಾಲಿಸುವ ನಿಯಮಾವಳಿಯಿಂದ.

ಸರ್ವರ್‌ನ ನಿಯಮಗಳು ಹಿಡಿಸದಿದ್ದರೆ ಖಾತೆಯನ್ನು ಬೇರೊಂದಕ್ಕೆ ಸ್ಥಳಾಂತರಿಸಬಹುದು; ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ಸರ್ವರ್ ಮುನ್ಸೂಚನೆಯಿಲ್ಲದೆ ಮುಚ್ಚಿದರೆ ಈ ಸ್ಥಳಾಂತರದ ಅವಕಾಶವೂ ಕೈತಪ್ಪುವುದರಿಂದ, ಅದನ್ನು ಯಾರು ನಡೆಸುತ್ತಿದ್ದಾರೆ, ಖರ್ಚನ್ನು ಹೇಗೆ ಹೊಂದಿಸುತ್ತಾರೆ ಎಂಬುದನ್ನು ನೋಡಿಕೊಂಡೇ ಸೇರುವುದು ಒಳಿತು. ಅಂದ ಹಾಗೆ, ಇಲ್ಲಿನ ಖಾಸಗಿ ಸಂದೇಶಗಳನ್ನು ಸರ್ವರ್ ನಿರ್ವಾಹಕರು ಓದಬಲ್ಲರು.

2019ರ ನವೆಂಬರ್‌ನಲ್ಲಿ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ ಅನೇಕ ಭಾರತೀಯರು ಮಾಸ್ಟೊಡಾನ್‌ನತ್ತ ಹೊರಳಿದರು. ಟ್ವಿಟರ್‌ನಂಥದೇ ತಾಣವಾದ ಬೆಂಗಳೂರಿನ ‘ಕೂ’ ಕನ್ನಡಿಗರಿಗೆ ಆಪ್ತವಾಗಿತ್ತಾದರೂ ಅದೂ ಒಂದೇ ಕಂಪನಿಯ ಸೊತ್ತಾಗಿದ್ದು, 2024ರಲ್ಲಿ ಆ ಕಂಪನಿ ಕೈಚೆಲ್ಲಿದಾಗ ಇಡೀ ವೇದಿಕೆಯೇ ಮುಚ್ಚಿಹೋಯಿತು.

ಇಂಥದೇ ಇನ್ನೊಂದು ತಾಣವಾದ ಬ್ಲೂಸ್ಕೈ ಎಟಿ ಪ್ರೋಟೋಕಾಲ್ ಎಂಬ ಬೇರೆಯದೇ ವ್ಯವಸ್ಥೆಯನ್ನು ಬಳಸುತ್ತದೆ, ಆದರೆ ಅದರ ಬಹುಪಾಲು ಖಾತೆಗಳು ಆ ಕಂಪನಿಯ ಸರ್ವರ್‌ಗಳಲ್ಲೇ ಇರುವುದರಿಂದ ಅಲ್ಲಿನ ವಿಕೇಂದ್ರೀಕರಣ ಅರ್ಧದಾರಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಾಸ್ಟರ್ ಎಂಬ ಮತ್ತೊಂದು ವಿಕೇಂದ್ರೀಕೃತ ಜಾಲದಲ್ಲಿ ಗೂಢಲಿಪಿಯ ಕೀಲಿಯೇ (ಗುಟ್ಟಾಗಿಡಬೇಕಾದ ಉದ್ದನೆಯ ಸಂಕೇತ) ನಿಮ್ಮ ಗುರುತು; ಅದು ಕಳೆದುಹೋದರೆ ಮರಳಿ ಕೊಡುವವರು ಯಾರೂ ಇಲ್ಲ.