ಎರಡು ದಿಂಬು, ಒಂದೂವರೆ ಕೆ.ಜಿ.

ಪ್ರಶ್ನೆ: ನಮಸ್ಕಾರ ಮೇಡಂ. ಹಿರಿಯೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ವಯಸ್ಸು 44, ಎತ್ತರ 158 ಸೆಂ.ಮೀ., ತೂಕ 86 ಕೆ.ಜಿ. ಶುಗರ್ ಬಂದು ಎಂಟು ವರ್ಷ ಆಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತೇನೆ. ಹೋದ ವರ್ಷದಿಂದ ರಾತ್ರಿ 20 ಯುನಿಟ್ ಇನ್ಸುಲಿನ್ ಬೇರೆ. ಇಷ್ಟಾದರೂ ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.9 ಬಂದಿದೆ. ಎರಡು ಹೊತ್ತು ಮುದ್ದೆ, ಒಂದು ಹೊತ್ತು ಅನ್ನ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಿ, ಶುಗರ್ ಪೂರ್ತಿ ಹೋಗುತ್ತದೆ ಅಂದರು. ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಸಾಕು ಅಂತ ಅಲ್ಲಿಯವರು, ಹೊಟ್ಟೆಯನ್ನು ಕರುಳಿಗೆ ಜೋಡಿಸುವ ಮಿನಿ ಬೈಪಾಸ್ ಒಳ್ಳೆಯದು ಅಂತ ನಮ್ಮ ನಾದಿನಿ ಕಡೆಯವರು. ಮೂರೂವರೆ ಲಕ್ಷ ಹೇಳಿದ್ದಾರೆ. ನಮ್ಮವರ ಇನ್ಶೂರೆನ್ಸ್ ಏಜೆಂಟ್, 'ಅಕ್ಕಾ, ಇನ್ನೊಂದೆರಡು ಕೆ.ಜಿ. ಏರಿಸಿಕೊಳ್ಳಿ, ಕ್ಲೇಮ್ ಆಗುತ್ತೆ' ಅನ್ನುತ್ತಾನೆ. ನನಗೆ ತಲೆ ಕೆಟ್ಟು ಹೋಗಿದೆ. ಯಾವುದು ಮಾಡಿಸಲಿ? ಹೆಸರು ಹಾಕಬೇಡಿ.

ಇನ್ನೊಂದು ಮಾತು. ರಾತ್ರಿ ಹುಳಿ ತೇಗು ಬರುತ್ತದೆ ಅಂತ ಎರಡು ದಿಂಬು ಇಟ್ಟುಕೊಂಡು ಮಲಗುತ್ತೇನೆ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತೇನೆ. ಅದು ಬಿಡಿ, ದೊಡ್ಡ ವಿಷಯ ಅಲ್ಲ.

ಉತ್ತರ: ಅದನ್ನೇ ಬಿಡುವ ಹಾಗಿಲ್ಲ ಅಮ್ಮಾ. ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಎರಡು ದಿಂಬಿನ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸರ್ಜನ್ ಅಲ್ಲ. ದಾವಣಗೆರೆಯಲ್ಲಿ ಶುಗರ್ ಪೇಷಂಟ್‌ಗಳನ್ನು ನೋಡುವವಳು. ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಹಾಗಾಗಿ ನಾನು ಹೇಳುವುದು ಆಪರೇಷನ್ ಥಿಯೇಟರಿನ ಮಾತಲ್ಲ, ಅದಾದ ನಂತರದ ಸಂಸಾರದ ಮಾತು.

'ಶುಗರ್ ಪೂರ್ತಿ ಹೋಗುತ್ತದೆ' ಅನ್ನುವುದು ಅರ್ಧ ಸತ್ಯ. ಈ ಆಪರೇಷನ್‌ಗಳಿಂದ ಶುಗರ್ ಇಳಿಯುವುದಂತೂ ನಿಜ. ಅಮೆರಿಕದ ವಾಲ್ಟರ್ ಪೋರೀಸ್ ಅನ್ನುವ ಸರ್ಜನ್ 1995ರಲ್ಲೇ ಇದನ್ನು ಬರೆದರು. ತೂಕಕ್ಕೆ ಅಂತ ಹೊಟ್ಟೆಯ ಬೈಪಾಸ್ ಮಾಡಿದರೆ, ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಇಳಿದುಬಿಡುತ್ತಿತ್ತು. ನಾನೂ ಕಣ್ಣಾರೆ ನೋಡಿದ್ದೇನೆ. ದಿನಕ್ಕೆ 40 ಯುನಿಟ್ ಇನ್ಸುಲಿನ್ ತಗೊಳ್ಳುತ್ತಿದ್ದವರು ವಾರದೊಳಗೆ ಸಿರಿಂಜ್ ಮುಟ್ಟದ ಹಾಗಾದರು. ಊಟ ಬೇಗ ಸಣ್ಣ ಕರುಳಿನ ಕೆಳಭಾಗಕ್ಕೆ ಹೋಗುತ್ತದೆ, ಅಲ್ಲಿಂದ ಶುಗರ್ ಇಳಿಸುವ ಹಾರ್ಮೋನ್ ಜಾಸ್ತಿ ಬರುತ್ತದೆ. ಜೊತೆಗೆ ಊಟವೇ ಕಡಿಮೆಯಾಗಿ ಲಿವರ್‌ನಲ್ಲಿ ಕೂತ ಕೊಬ್ಬು ಕರಗುತ್ತದೆ.

ಆದರೆ ಐದು ವರ್ಷ ಬಿಟ್ಟು ನೋಡಿದರೆ? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 150 ಜನರನ್ನು ಮೂರು ಗುಂಪು ಮಾಡಿ ನೋಡಿದ್ದರು. ಐದು ವರ್ಷ ಕಳೆದಾಗ ಮೂರು ತಿಂಗಳ ಸರಾಸರಿ 6 ಅಥವಾ ಅದಕ್ಕಿಂತ ಕೆಳಗೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ. 29, ಸ್ಲೀವ್ ಗುಂಪಿನಲ್ಲಿ ಶೇ. 23, ಬರೀ ಔಷಧಿಯ ಗುಂಪಿನಲ್ಲಿ ಶೇ. 5. ಅಂದರೆ ಆಪರೇಷನ್ ಗೆದ್ದಿದೆ, ಅನುಮಾನವಿಲ್ಲ. ಆದರೆ 100ರಲ್ಲಿ 70 ಜನ ಆ ಗೆರೆ ಮುಟ್ಟಿಲ್ಲ ಅನ್ನುವುದನ್ನೂ ಓದಿಕೊಳ್ಳಬೇಕು ಅಲ್ವಾ? ಅವರಲ್ಲೂ ಎಷ್ಟೋ ಜನರ ಮಾತ್ರೆ, ಇನ್ಸುಲಿನ್ ಕಡಿಮೆಯಾದವು. ಅದೇನು ಸಣ್ಣ ಲಾಭವಲ್ಲ. ನಾವು ಡಾಕ್ಟರುಗಳು 'ವಾಸಿ' ಅನ್ನುವುದಿಲ್ಲ, 'ರೆಮಿಷನ್' ಅನ್ನುತ್ತೇವೆ. ಔಷಧಿ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಸರಾಸರಿ 6.5ಕ್ಕಿಂತ ಕೆಳಗಿದ್ದರೆ ಆ ಹೆಸರು. ಮುಂದೆ ತೂಕ ಮತ್ತೆ ಏರಿದರೆ ಶುಗರ್ ಕೂಡ ವಾಪಸ್ ಬರಬಹುದು.

ನೀವು ಯಾವ ಗುಂಪಿಗೆ ಬೀಳುತ್ತೀರಿ ಅಂತ ಅಂದಾಜು ಮಾಡಲು ಒಂದು ರಕ್ತ ಪರೀಕ್ಷೆ ಇದೆ. ಹೆಸರು ಸಿ-ಪೆಪ್ಟೈಡ್. ನಮ್ಮ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸಿದಾಗಲೆಲ್ಲ ಅದರ ಜೊತೆ ಅಷ್ಟೇ ಸಿ-ಪೆಪ್ಟೈಡ್ ಹೊರಗೆ ಬರುತ್ತದೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಹಾಗಾಗಿ ನಿಮ್ಮ ಸ್ವಂತ ಕಾರ್ಖಾನೆ ಇನ್ನೂ ಎಷ್ಟು ನಡೆಯುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ಚೆನ್ನಾಗಿದ್ದರೆ ಆಪರೇಷನ್‌ನಿಂದ ಶುಗರ್ ಇಳಿಯುವ ಆಸೆ ಜಾಸ್ತಿ. ತೀರಾ ಕಡಿಮೆ ಇದ್ದರೆ ತೂಕ ಇಳಿಯುತ್ತದೆ, ಶುಗರ್ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಎಂಟು ವರ್ಷದ ಶುಗರ್, ಅದರಲ್ಲಿ ಇನ್ಸುಲಿನ್ ಒಂದೇ ವರ್ಷ. ನೀವು ನಡುವೆ ಇದ್ದೀರಿ. ಈ ಪರೀಕ್ಷೆ ಮಾಡಿಸದೆ ಅಡ್ವಾನ್ಸ್ ಕಟ್ಟಬೇಡಿ.

ಈಗ ದಿಂಬಿಗೆ ಬರೋಣ. ಸ್ಲೀವ್ ಅಂದರೆ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಹಾಗೆ ಉದ್ದ ಕೊಳವೆ ಮಾಡುವುದು. ನಿಮಗೆ ಟೈಲರಿಂಗ್ ಗೊತ್ತಲ್ಲ, ಅಗಲ ಬಟ್ಟೆಯನ್ನು ಸೈಡಿನಲ್ಲಿ ಹೊಲಿಗೆ ಹಾಕಿ ಕತ್ತರಿಸಿ ತೋಳು ಮಾಡಿದ ಹಾಗೆ. ಒಮ್ಮೆ ಕತ್ತರಿಸಿದ್ದನ್ನು ವಾಪಸ್ ಜೋಡಿಸಲು ಬರುವುದಿಲ್ಲ. ಕರುಳಿನ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಸರಳ, ಎಲ್ಲೆಲ್ಲೂ ಇದನ್ನೇ ಜಾಸ್ತಿ ಮಾಡುತ್ತಾರೆ. ಆದರೆ ಕೊಳವೆ ಕಿರಿದಾದಾಗ ಒಳಗಿನ ಒತ್ತಡ ಏರುತ್ತದೆ, ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಮೊದಲೇ ಹುಳಿ ತೇಗು ಇದ್ದವರಿಗೆ ಇದು ಇನ್ನೂ ಕೆಡಬಹುದು.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ, ತಪ್ಪು ಮಾಡಿ ಕಲಿತಿದ್ದು. ಕೆಲವು ವರ್ಷಗಳ ಹಿಂದೆ ಒಬ್ಬ ಬಸ್ ಕಂಡಕ್ಟರ್‌ಗೆ ಸ್ಲೀವ್ ಮಾಡಿಸಿಕೊಳ್ಳಲು ಕಾಗದ ಬರೆದುಕೊಟ್ಟೆ. ತೇಗು, ಎದೆಯುರಿ ಇದೆಯೇ ಅಂತ ಕೇಳಲಿಲ್ಲ. ಹತ್ತು ತಿಂಗಳಿಗೆ ಶುಗರ್ ಸೊಗಸಾಗಿತ್ತು. ಮನುಷ್ಯ ಮಾತ್ರ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. 'ಮೇಡಂ, ಶುಗರ್ ಹೋಯ್ತು, ಹಾಸಿಗೆನೂ ಹೋಯ್ತು' ಅಂದ. ಕೊನೆಗೆ ಮತ್ತೊಂದು ಆಪರೇಷನ್ ಮಾಡಿಸಿ ಸ್ಲೀವನ್ನು ಬೈಪಾಸ್‌ಗೆ ಬದಲಿಸಬೇಕಾಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆಯೇ, ಎಷ್ಟು ದಿಂಬು?

ಆದ್ದರಿಂದ ಮೊದಲು ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದಲ್ಲಿ ಹುಣ್ಣು, ಇಲ್ಲವೇ ಹೊಟ್ಟೆಯ ಮೇಲ್ತುದಿ ಎದೆಯ ಕಡೆಗೆ ಜಾರಿದ ಹರ್ನಿಯಾ ಕಂಡರೆ ನಿಮಗೆ ಸ್ಲೀವ್ ಹೊಂದುವುದಿಲ್ಲ. ಆಗ ಹಳೆಯ ರೂ-ಎನ್-ವೈ ಬೈಪಾಸ್‌ನ ಮಾತು ಬರುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಸಿಡ್ ಕಾಟಕ್ಕೆ ಇದು ಒಳ್ಳೆಯದು, ಶುಗರ್‌ಗೂ ಒಂದು ಕೈ ಮೇಲು. ನಿಮ್ಮ ನಾದಿನಿ ಕಡೆಯವರು ಹೇಳಿದ ಮಿನಿ ಬೈಪಾಸ್‌ನಲ್ಲಿ ಜೋಡಣೆ ಎರಡು ಕಡೆಯ ಬದಲು ಒಂದೇ ಕಡೆ. ಶುಗರ್ ಚೆನ್ನಾಗಿ ಇಳಿಯುತ್ತದೆ, ಆದರೆ ಕೆಲವರಿಗೆ ಪಿತ್ತರಸ ಮೇಲಕ್ಕೆ ಬರುತ್ತದೆ. ಎರಡು ದಿಂಬಿನವರು ಅದನ್ನು ಸರ್ಜನ್ ಹತ್ತಿರ ಬಿಡಿಸಿ ಕೇಳಬೇಕು. ಹೊಟ್ಟೆಯ ಮೇಲ್ಭಾಗಕ್ಕೆ ಬಿಗಿಯುವ ಬ್ಯಾಂಡನ್ನು ಈಗ ಹಾಕುವವರು ಕಡಿಮೆ. ಹೊಟ್ಟೆಯೊಳಗೆ ಇಡುವ ಬಲೂನ್ ಕೆಲವು ತಿಂಗಳಿಗೆ ತೆಗೆಯುವಂಥದ್ದು, ನಿಮ್ಮ ಶುಗರ್‌ಗೆ ಅದು ಸಾಲದು.

ಹಾಗಾದರೆ ಬೈಪಾಸ್ ಅಂತ ಮುಗಿಸೋಣ ಅಂದರೆ ಮಂಡಿ ನೋವಿನ ಮಾತ್ರೆ ಅಡ್ಡ ಬರುತ್ತದೆ! ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೈಪಾಸ್ ಆದವರಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತದೆ. ರಕ್ತಸ್ರಾವವೂ ಆಗಬಹುದು. ಬೈಪಾಸ್ ಮಾಡಿಸಿಕೊಂಡರೆ ಆ ಮಾತ್ರೆಗಳಿಗೆ ಜೀವನಪೂರ್ತಿ ಕೈ ಮುಗಿಯಬೇಕು. ಪ್ಯಾರಾಸಿಟಮಾಲ್, ವ್ಯಾಯಾಮ, ಇಷ್ಟರಲ್ಲೇ ಮಂಡಿಯನ್ನು ಸಂಭಾಳಿಸಬೇಕು. ತೂಕ ಇಳಿದರೆ ಮಂಡಿಯೂ ಸ್ವಲ್ಪ ಸುಧಾರಿಸುತ್ತದೆ. ಸದ್ಯ ಮೆಡಿಕಲ್ ಸ್ಟೋರಿನಿಂದ ತರುವ ಆ ಮಾತ್ರೆಯ ಹೆಸರು ಬರೆದುಕೊಂಡು ಹೋಗಿ ಸರ್ಜನ್‌ಗೆ ತೋರಿಸಿ. ಸಕ್ಕರೆ ಕಾಯಿಲೆಯವರ ಕಿಡ್ನಿಗೂ ಅದು ಒಳ್ಳೆಯದಲ್ಲ.

ಊಟದ ವಿಷಯದಲ್ಲಿ ಯಾವ ಆಸ್ಪತ್ರೆಯ ಕಾಗದದಲ್ಲೂ ಬರೆಯದ ಒಂದು ಮಾತು. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಅಗಿದರೆ ಹಿರಿಯರು ನಗುತ್ತಾರೆ. ಆಪರೇಷನ್ ಆದ ಮೇಲೆ ನುಂಗಿದ ತುತ್ತು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎದೆ ಬಿಗಿಯುತ್ತದೆ, ವಾಂತಿಯಾಗುತ್ತದೆ. ಮೊದಲು ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು ಅಂತ ಒಂದೂವರೆ ತಿಂಗಳ ಹತ್ತಿರ ಹೋಗುತ್ತದೆ. ಆಮೇಲೂ ಪ್ರತಿ ತುತ್ತನ್ನು ಹಿಟ್ಟಾಗುವ ತನಕ ಅಗಿಯಬೇಕು. ರಾಗಿ ಬೇಕೆಂದರೆ ತೆಳ್ಳಗೆ ಅಂಬಲಿ. ಊಟದ ಜೊತೆ ನೀರು, ಮಜ್ಜಿಗೆ ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು. ಮೊಟ್ಟೆ, ಮೀನು ತಿನ್ನುವವರಾದರೆ ಸಲೀಸು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಬಿಡದೆ ತಗೊಳ್ಳಬೇಕು, ಅದೂ ಜೀವನಪೂರ್ತಿ. ಶುಗರ್ ಮಾತ್ರೆಯ ಡಬ್ಬಿ ಖಾಲಿಯಾದರೆ ಆ ಜಾಗಕ್ಕೆ ವಿಟಮಿನ್ ಡಬ್ಬಿ ಬರುತ್ತದೆ. ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ. ಹೆದರಬೇಡಿ, ಬಹುತೇಕರಿಗೆ ಮತ್ತೆ ಬರುತ್ತದೆ.

ಸಿಹಿಯ ಕಥೆ ಬೇರೆ. ಬೈಪಾಸ್ ಆದ ನನ್ನ ಪೇಷಂಟ್ ಒಬ್ಬರು, ಬ್ಯಾಂಕ್ ಕ್ಯಾಷಿಯರ್, ಯುಗಾದಿ ದಿನ ಒಂದೂವರೆ ಹೋಳಿಗೆ ತಿಂದರು. ತುಪ್ಪ ಬೇರೆ. ಇಪ್ಪತ್ತೇ ನಿಮಿಷಕ್ಕೆ ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ನುಲಿತ. ಹಾರ್ಟ್ ಅಟ್ಯಾಕ್ ಅಂತ ಆಟೋದಲ್ಲಿ ಹಾಕಿಕೊಂಡು ಬಂದರು. ಹೊಸ ರೇಷ್ಮೆ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಇಸಿಜಿ ಸರಿಯಾಗಿತ್ತು. ಅದು ಡಂಪಿಂಗ್. ಸಿಹಿ ಒಮ್ಮೆಲೇ ಕರುಳಿಗೆ ಬಿದ್ದಾಗ ಆಗುವ ಗಲಾಟೆ. ಅಂದಿನಿಂದ ಅವರು ಹೋಳಿಗೆ ತಟ್ಟುತ್ತಾರೆ, ತಿನ್ನುವುದಿಲ್ಲ.

ಇನ್ನು ನಿಮ್ಮ ಏಜೆಂಟ್. ಅವನ ಲೆಕ್ಕ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ನಿಮ್ಮದು 34.4. ನಮ್ಮ ದೇಶದ ಸರ್ಜನ್‌ಗಳ ಮಾರ್ಗಸೂಚಿ ಪ್ರಕಾರ ಶುಗರ್ ಇದ್ದವರಿಗೆ 32.5 ಸಾಕು. ಯಾಕೆಂದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಹಿಡಿಯುತ್ತದೆ. ಇನ್ಶೂರೆನ್ಸ್ ನಿಯಂತ್ರಕ ಐಆರ್‌ಡಿಎಐ ನಿಯಮದಲ್ಲಿ ಮಾತ್ರ 40 ಇರಬೇಕು, ಇಲ್ಲವೇ ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಜೊತೆಗೆ 35 ಇರಬೇಕು. ನಿಮ್ಮ ಎತ್ತರಕ್ಕೆ 35 ಅಂದರೆ 87 ಕೆ.ಜಿ. ಚಿಲ್ಲರೆ. ಒಂದೂವರೆ ಕೆ.ಜಿ. ಕಡಿಮೆ! ಡಾಕ್ಟರ ಲೆಕ್ಕದಲ್ಲಿ ನೀವು ಪಾಸ್, ಕಂಪನಿ ಲೆಕ್ಕದಲ್ಲಿ ಫೇಲ್. ಇದು ಸರಿಯಲ್ಲ ಅಂತ ನನಗೂ ಸಿಟ್ಟು ಬರುತ್ತದೆ. ಹಾಗಂತ 8.9 ಶುಗರ್ ಇಟ್ಟುಕೊಂಡು ತಿಂದು ತೂಕ ಏರಿಸುವುದು ಹುಚ್ಚುತನ. ಆಪರೇಷನ್‌ಗೆ ಮುಂಚೆ ಲಿವರ್ ಕುಗ್ಗಿಸಲು ತೂಕ ಇಳಿಸಿ ಅಂತ ಅದೇ ಆಸ್ಪತ್ರೆ ಹೇಳುತ್ತದೆ ನೋಡಿ. ನಿಮ್ಮವರದು ಕಂಪನಿಯ ಗ್ರೂಪ್ ಪಾಲಿಸಿಯಾದರೆ ಅದರ ಷರತ್ತು ಬೇರೆ ಇರಬಹುದು. ಏಜೆಂಟ್ ಬಾಯಿಮಾತು ಬೇಡ, ಪಾಲಿಸಿ ಕಾಗದ ತೆಗೆಸಿ ಓದಿಸಿ. ಹಣ ಕಟ್ಟುವ ಮೊದಲು ಲಿಖಿತ ಒಪ್ಪಿಗೆ ತಗೊಳ್ಳಿ.

ದಿನ ಗೊತ್ತಾದರೆ ಮೂರು ಎಚ್ಚರ. ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ನಾರ್ಮಲ್ ತೋರಿಸುತ್ತಲೇ ರಕ್ತ ಆಸಿಡ್ ಆಗಬಹುದು. ದ್ರವಾಹಾರ ಶುರುವಾದ ದಿನದಿಂದಲೇ ಗ್ಲಿಮೆಪಿರೈಡ್, ಇನ್ಸುಲಿನ್ ಕಡಿಮೆ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಲೋ ಶುಗರ್ ಆಗುತ್ತದೆ. ಇವೆಲ್ಲ ನಿಮ್ಮ ಡಾಕ್ಟರ್ ಹೇಳಿದ ಹಾಗೇ, ನೀವಾಗಿಯೇ ಅಲ್ಲ. ಕಣ್ಣಿನ ಒಳಪದರದ (ರೆಟಿನಾ) ಪರೀಕ್ಷೆಯೂ ಮುಂಚೆಯೇ ಆಗಲಿ. ಶುಗರ್ ದಿಢೀರನೆ ಇಳಿದಾಗ ಮೊದಲೇ ಕೆಟ್ಟಿದ್ದ ಕಣ್ಣು ಇನ್ನೂ ಕೆಡುವುದುಂಟು.

ನಾನು ನಿಮ್ಮ ಜಾಗದಲ್ಲಿದ್ದರೆ? ಈ ತಿಂಗಳು ಸಿ-ಪೆಪ್ಟೈಡ್, ಎಂಡೋಸ್ಕೋಪಿ, ಕಣ್ಣು. ಸರ್ಜನ್ ಹತ್ತಿರ ಹೋಗುವಾಗ ಮೂರೂ ರಿಪೋರ್ಟು ಕೈಯಲ್ಲಿರಬೇಕು. ಅವನ್ನು ನೋಡದೆಯೇ ಸ್ಲೀವ್ ಅಂದರೆ ಎದ್ದು ಬರುತ್ತಿದ್ದೆ.

ಪ್ರಶ್ನೆ: ವಯಸ್ಸು 36, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. 172 ಸೆಂ.ಮೀ., 102 ಕೆ.ಜಿ. ಎರಡು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ಒಂದೇ, ಸರಾಸರಿ 7.4. ಕತ್ತರಿ ಅಂದರೆ ಭಯ. ತೂಕ, ಶುಗರ್ ಇಳಿಸುವ ಮೌಂಜಾರೊ ಇಂಜೆಕ್ಷನ್ ತಗೊಂಡರೆ ಆಪರೇಷನ್ ತಪ್ಪುತ್ತದಾ?

ಉತ್ತರ: ತಪ್ಪಬಹುದು. 2025ರ ಮಾರ್ಚ್‌ನಲ್ಲಿ ಇದು ಭಾರತಕ್ಕೆ ಬಂದಾಗಿನಿಂದ ನನ್ನ ಕ್ಲಿನಿಕ್‌ನಲ್ಲಿ ಇದೇ ಮಾತು. ಒಂದು ಗಮನಿಸಿ. ಶುಗರ್ ಇಲ್ಲದವರಲ್ಲಿ ದೊಡ್ಡ ಡೋಸ್‌ಗೆ ಸರಾಸರಿ ಶೇ. 20ರಷ್ಟು ತೂಕ ಇಳಿದರೆ, ಶುಗರ್ ಇದ್ದವರಲ್ಲಿ ಶೇ. 15ರ ಹತ್ತಿರ ಅಷ್ಟೇ. ನಿಮಗೆ ಅದು 15 ಕೆ.ಜಿ. ಆಯಿತು. ನಿಲ್ಲಿಸಿದರೆ ಬಹುಪಾಲು ತೂಕ ವಾಪಸ್. ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಊತ ಬಂದಿದ್ದರೆ, ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿ.

ಆದರೆ ನೀವು ಕೇಳದೇ ಇದ್ದ ಮೂರನೇ ದಾರಿಯೂ ಇದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಶುಗರ್ ಬಂದು ಆರು ವರ್ಷದೊಳಗಿನವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲರಿ ಆಸುಪಾಸಿನ ಸೂಪು, ಶೇಕ್ ಮಾತ್ರ ಕೊಟ್ಟರು. ವರ್ಷದ ಕೊನೆಗೆ ಶೇ. 46 ಜನ ಮಾತ್ರೆಯಿಲ್ಲದೆ ರೆಮಿಷನ್‌ಗೆ ಬಂದರು. 15 ಕೆ.ಜಿ. ಅಥವಾ ಜಾಸ್ತಿ ಇಳಿಸಿದವರಲ್ಲಿ ಶೇ. 86. ಎರಡನೇ ವರ್ಷಕ್ಕೆ ಶೇ. 46 ಇದ್ದದ್ದು 36ಕ್ಕೆ ಇಳಿಯಿತು, ಅದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಶುಗರ್ ಇನ್ನೂ ಎಳೆಯದು. ಇಂಜೆಕ್ಷನ್ನೋ ಸೂಪೋ, ಆ 15 ಕೆ.ಜಿ. ಮೊದಲು ಇಳಿಯಲಿ. ಡಾಕ್ಟರ್ ಕಣ್ಗಾವಲಿನಲ್ಲಿ ಮಾತ್ರ. ಯೂಟ್ಯೂಬ್ ನೋಡಿ ಸುಮ್ನೆ ಉಪವಾಸ ಕೂರಬೇಡಿ.

ಪ್ರಶ್ನೆ: ನನ್ನ ತಮ್ಮನಿಗೆ 19 ವರ್ಷ. ಹನ್ನೊಂದನೇ ವಯಸ್ಸಿನಿಂದ ಟೈಪ್ 1 ಶುಗರ್. ಈ ಆಪರೇಷನ್ ಮಾಡಿಸಿದರೆ ಇನ್ಸುಲಿನ್ ನಿಲ್ಲುತ್ತದಾ?

ಉತ್ತರ: ಇಲ್ಲ. ಅವನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. ಕರುಳು ಹೇಗೆ ಜೋಡಿಸಿದರೂ ಅದು ಹುಟ್ಟುವುದಿಲ್ಲ. ನಿಲ್ಲುತ್ತದೆ ಅಂತ ಯಾರಾದರೂ ಮಾತು ಕೊಟ್ಟಿದ್ದರೆ ಅವರ ಹತ್ತಿರ ಮತ್ತೆ ಹೋಗಬೇಡಿ. ಒಂದು ಹೊತ್ತಿನ ಇನ್ಸುಲಿನ್ನೂ ತಪ್ಪಿಸಬೇಡಿ.